ಮೋರಿಯ ಹೊಟ್ಟೆಯಲ್ಲೊಂದು ಕೊಳವೆ

ಬಾವಿಯ ನೀರಿನ ಶುದ್ಧಿಯನ್ನು ಕುರಿತು ನಾವು ಈ ಅಂಕಣದಲ್ಲಿ ಬರೆದಿದ್ದ ನಾಲ್ಕು ಮಾತುಗಳನ್ನೋದಿದ ಸಹೋದರಿಯೊಬ್ಬರು ಜತ್ತದ ಕಡೆಯಿಂದ ಪತ್ರ ಬರೆದಿದ್ದಾರೆ. “ಬಾವಿಯ ಮಾತು ಇರಲಿ, ಮಳೆ ಬಂದಾಗ ಓಣಿಯ ಮೋರಿ ಕಟ್ಟಿ ಮನೆಯೊಳಗೇ ಬಂದು ಕೂಡುವ ನೀರಿಗೆ ನಿಮ್ಮ ಅಂಕಣದಲ್ಲಿ ಏನು ಉತ್ತರವಿದೆ?” ಎಂಬುದು ಅವರ ಪ್ರಶ್ನೆ. ಉತ್ತರವಿದೆಯೆಂದು ಎದೆ ತಟ್ಟಿ ಹೇಳುವ ಧೈರ್ಯ ನಮಗಿಲ್ಲ. ಆದರೆ ಅಂತಹ ನೀರು ನಮ್ಮ ಓಣಿಯನ್ನೂ ಹೊಕ್ಕು ಹೋಗಿದೆಯಾದ್ದರಿಂದ, ಅದರ ಬೆನ್ನು ಹತ್ತಿ ನಾವು ಕಂಡುಕೊಂಡದ್ದನ್ನು ಓದುಗ ಬಾಂಧವರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಮೋರಿ ಎಂಬ ಶಬ್ದವನ್ನೇ ಸ್ವಲ್ಪ ತಿಳಿಮಾಡಿಕೊಳ್ಳಬೇಕು. ಬೆಂಗಳೂರು ಮೈಸೂರಿನವರಿಗೆ ಮೋರಿ ಎಂದರೆ ಬೀದಿಯ ಚರಂಡಿ. ನಮ್ಮ ಮರಾಠಿ ನೆರೆಯವರ ಮನೆಗಳಲ್ಲಿ ಅದು ಪಾತ್ರೆ ತೊಳೆಯುವ, ಕೈಕಾಲು ತೊಳೆಯುವ ಮೂಲೆ. ನಾವಿಲ್ಲಿ ಹೇಳುತ್ತಿರುವುದು ರಸ್ತೆಯ ಅಡಿಯಲ್ಲಿ ಹಳ್ಳದ ನೀರು ದಾಟಿಹೋಗಲೆಂದು ಕಟ್ಟಿದ ಸಣ್ಣ ಸೇತುವೆಯ ಮಾತು. ಗಡಿಯ ಜನಕ್ಕೆ ಒಂದೇ ಶಬ್ದ ಮೂರು ಅರ್ಥಗಳಲ್ಲಿ ಕಿವಿಗೆ ಬೀಳುವುದು ಹೊಸದೇನೂ ಅಲ್ಲ.

2020ರ ಅಕ್ಟೋಬರ್ ತಿಂಗಳ ನಡುವಿನ ಮಳೆಯನ್ನು ಸೊಲ್ಲಾಪುರ ಸೀಮೆಯವರಾರೂ ಮರೆತಿರಲಾರರು. ಆ ರಾತ್ರಿ ನಮ್ಮ ಓಣಿಯ ತುದಿಯ ಮನೆಯಲ್ಲಿ, ಎಲ್ಲರೂ ಆಯಿ ಎಂದು ಕರೆಯುವ ವೃದ್ಧೆಯೊಬ್ಬರ ಮನೆಯಲ್ಲಿ, ನೆಲದಿಂದ ಒಂದು ಗೇಣು ನೀರು ನಿಂತಿತು. ಅಡಿಯ ಸಾಲಿನ ಜೋಳದ ಚೀಲಗಳೆರಡು ನೆನೆದು ನಾಲ್ಕನೆಯ ದಿನಕ್ಕೆ ಮೊಳಕೆಯೊಡೆದವು. ನೀರಿಳಿದ ಮೇಲೆ ಆಯಿಯ ಸೊಸೆ ಗೋಡೆಯ ಮೇಲಿನ ಕೆಸರಿನ ಗುರುತಿನುದ್ದಕ್ಕೂ ಸುಣ್ಣದ ಕಡ್ಡಿಯಿಂದ ಒಂದು ಗೆರೆಯೆಳೆದಿಟ್ಟಳು. ಏತಕ್ಕೆಂದು ಅವಳಿಗೂ ಆಗ ಗೊತ್ತಿರಲಿಲ್ಲ. ಆ ಗೆರೆಯೇ ಮುಂದೆ ನಮ್ಮ ಕೈಹಿಡಿಯಿತು.

ಓಣಿಯವರೆಲ್ಲ ಕೂಡಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆವು. ಮೂರು ತಿಂಗಳಿಗೆ ಉತ್ತರ ಬಂತು. ಅದರ ಸಾರಾಂಶವಿಷ್ಟು: ಮೋರಿಯ ಗಾತ್ರ ಸಾಕಷ್ಟಿದೆ; ಗಣಕಯಂತ್ರದಲ್ಲಿ ಲೆಕ್ಕ ಹಾಕಿ ನೋಡಲಾಗಿ, ಅಂತಹ ಮಳೆಯಲ್ಲಿಯೂ ನೀರು ಮೋರಿಯ ತಳದಿಂದ 2.32 ಮೀಟರಿಗಿಂತ ಮೇಲೇರುವುದಿಲ್ಲ. ಅರ್ಜಿದಾರರ ಮನೆಯ ನೆಲ 2.80 ಮೀಟರಿನ ಮಟ್ಟದಲ್ಲಿದೆ. ಆದಕಾರಣ ಒಳಬಂದ ನೀರು ಮನೆಯದೇ ಬಚ್ಚಲಿನಿಂದ ಹಿಂದಕ್ಕೆ ಉಕ್ಕಿದ ನೀರಾಗಿರಬೇಕು. ನಾವು ಅದನ್ನು ಆಯಿಗೆ ಓದಿ ಹೇಳಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಬಚ್ಚಲ ನೀರಾಗ ಜಾಲಿಮುಳ್ಳು ಬರ್ತದೇನಪ್ಪಾ?” ಎಂದಳು. ಜೋಳ ಹೋದದ್ದಕ್ಕಿಂತ ತನ್ನ ಮಾತು ಸುಳ್ಳೆಂದು ಕಾಗದದಲ್ಲಿ ಬರೆದು ಬಂದದ್ದು ಆಕೆಗೆ ಹೆಚ್ಚು ನಾಟಿತ್ತು.

ಆ ಬೇಸಿಗೆಯಲ್ಲಿ ನಮ್ಮ ಅಣ್ಣನ ಮಗ ರಜೆಗೆ ಊರಿಗೆ ಬಂದ. ಹಳ್ಳ ನದಿಗಳ ನೀರಿನ ಲೆಕ್ಕ ಹಾಕುವುದೇ ಅವನ ಉದ್ಯೋಗ. ಕಚೇರಿಯ ಕಾಗದವನ್ನೂ ಅದರ ಜೊತೆಗಿದ್ದ ನಕಾಶೆಯನ್ನೂ ನೋಡಿದವನು, ಅಳತೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೇರವಾಗಿ ಹಳ್ಳಕ್ಕಿಳಿದ. ನಾವೂ ಧೋತರ ಎತ್ತಿ ಕಟ್ಟಿಕೊಂಡು ಹಿಂಬಾಲಿಸಿದೆವು. ಮೋರಿ ಚೌಕಾಕಾರದ್ದು, ಅಗಲ 3 ಮೀಟರ್, ಎತ್ತರ 2 ಮೀಟರ್, ರಸ್ತೆಯಡಿಯಲ್ಲಿ ಅದರ ಉದ್ದ 9 ಮೀಟರ್. ನಕಾಶೆಯಲ್ಲಿದ್ದುದೂ ಇಷ್ಟೇ. ಆದರೆ ಒಳಹೊಕ್ಕು ಬ್ಯಾಟರಿ ಹಿಡಿದು ನೋಡಿದರೆ, ಈ ಗೋಡೆಯಿಂದ ಆ ಗೋಡೆಗೆ, ನೀರಿನ ದಾರಿಗೆ ಅಡ್ಡಲಾಗಿ, ಊರಿನ ಹೊಲಸು ನೀರನ್ನು ಒಯ್ಯುವ ಕೊಳವೆ ಹಾಯ್ದುಹೋಗಿದೆ! ಸಿಮೆಂಟಿನ ಹೊದಿಕೆ ಸೇರಿ ಅದರ ದಪ್ಪ 60 ಸೆಂಟಿಮೀಟರ್. ಅದರ ಕೆಳಗೆ ತಳದವರೆಗೆ ಒಂದು ಮೀಟರ್ ಬಯಲು, ಮೇಲೆ ಮಾಳಿಗೆಯವರೆಗೆ 40 ಸೆಂಟಿಮೀಟರ್ ಬಯಲು. ಆ ಮೇಲಿನ ಸಂದಿಯಲ್ಲಿ ಕಣಿಕೆ, ಕಂಟಿ, ಗೊಬ್ಬರದ ಚೀಲಗಳು ಇನ್ನೂ ಸಿಕ್ಕಿಕೊಂಡಿದ್ದವು.

ಮೋರಿ ಕಟ್ಟಿದವರು ಒಬ್ಬರು. ಕೆಲವು ವರ್ಷಗಳ ಮೇಲೆ ಡ್ರೇನೇಜ್ ಲೈನ್ ಹಾಕಿದವರು ಮತ್ತೊಬ್ಬರು. ಹೊಲಸು ನೀರಿನ ಕೊಳವೆಯನ್ನು ಕುಡಿಯುವ ನೀರಿನ ನಳದಂತೆ ಬೇಕಾದಲ್ಲಿ ಏರಿಸಿ ಇಳಿಸಲು ಬರುವುದಿಲ್ಲ. ಅದು ತನ್ನ ಇಳಿಜಾರಿನಲ್ಲಿಯೇ ಹರಿಯಬೇಕು. ಒಳಗಿನ ಓಟ ಸೆಕೆಂಡಿಗೆ ಸುಮಾರು 0.6 ಮೀಟರಿಗಿಂತ ಕಡಿಮೆಯಾದರೆ ಕೆಸರು ಕೂತು ಕೊಳವೆ ಕಟ್ಟಿಕೊಳ್ಳುತ್ತದೆ. ಇಳಿಜಾರಿನ ಗೆರೆ ಮೋರಿಯ ನಡುಹೊಟ್ಟೆಗೆ ಬಂದು ಮುಟ್ಟಿತು. ಗೋಡೆ ಕೊರೆದು ತೂರಿಸಿಬಿಟ್ಟರು. ಕೊಳವೆಯವರ ನಕಾಶೆಯಲ್ಲಿ ಮೋರಿಯಿಲ್ಲ, ಮೋರಿಯವರ ನಕಾಶೆಯಲ್ಲಿ ಕೊಳವೆಯಿಲ್ಲ. ಇದನ್ನು ದ್ರೋಹವೆಂದು ನಾವು ಕರೆಯಲಾರೆವು. ಒಂದೇ ಮನೆಯ ಇಬ್ಬರು ಸೊಸೆಯಂದಿರು ಒಬ್ಬರನ್ನೊಬ್ಬರು ಕೇಳದೆ ಒಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿದಂತಾಗಿದೆ.

ಕಚೇರಿಯವರು ಲೆಕ್ಕಕ್ಕೆ ಬಳಸಿದ ಸಾಧನದ ಹೆಸರು ಹೆಕ್-ರಾಸ್. ಅಮೇರಿಕದ ಸೈನ್ಯದ ಇಂಜಿನಿಯರುಗಳ ದಳಕ್ಕೆ ಸೇರಿದ, ಕ್ಯಾಲಿಫೋರ್ನಿಯಾದ ಡೇವಿಸ್ ಪಟ್ಟಣದಲ್ಲಿರುವ ಜಲವಿಜ್ಞಾನ ಕೇಂದ್ರದವರು ಅದನ್ನು 1995ರಲ್ಲಿ ಮೊದಲು ಹೊರತಂದರು. ಅದಕ್ಕೂ ಹಿಂದಿನ ಹೆಕ್-2 ಎಂಬುದು 1968ರದು. ಬೆಲೆಯಿಲ್ಲದೆ ಯಾರಿಗಾದರೂ ದೊರೆಯುವುದರಿಂದ ನಮ್ಮ ದೇಶದಲ್ಲಿಯೂ ಅದರ ಬಳಕೆ ಬಹಳವಾಗಿದೆ. ಆ ಸಾಧನದ ಮೇಲೆ ನಮ್ಮ ಹುಡುಗನಿಗೆ ಯಾವ ದೂರೂ ಇರಲಿಲ್ಲ. “ಕಾಕಾ, ಅದು ಸುಳ್ಳು ಹೇಳೂದಿಲ್ಲ. ಆದರ ಅದಕ್ಕ ಕಣ್ಣಿಲ್ಲ. ನಾವು ಹೇಳಿದ್ದಷ್ಟ ಅದಕ್ಕ ಗೊತ್ತು” ಎಂದ.

ಹಾಗಾದರೆ ಅದಕ್ಕೆ ಏನೇನು ಹೇಳಬೇಕು? ಮೋರಿಯ ಮೇಲ್ಗಡೆ ಎರಡು, ಕೆಳಗಡೆ ಎರಡು, ಹೀಗೆ ನಾಲ್ಕು ಕಡೆ ಹಳ್ಳವನ್ನು ಅಡ್ಡಲಾಗಿ ಅಳೆದು ಅದರ ಆಕಾರವನ್ನು ಕೊಡಬೇಕು. ಮೋರಿಯ ಅಗಲ, ಎತ್ತರ, ಉದ್ದ, ತಳದ ಮಟ್ಟ ಕೊಡಬೇಕು. ಮೈಯ ಒರಟುತನಕ್ಕೆ ಒಂದು ಅಂಕಿ ಬೇಕು. ಹಳೆಯ ಕಾಂಕ್ರೀಟೆಂದು ನಾವು 0.015 ಹಿಡಿದೆವು. ಈ ಒರಟುತನದ ಅಂಕಿ 1889ರಲ್ಲಿ ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಎಂಬಾತ ಮುಂದಿಟ್ಟ ಸೂತ್ರದೊಡನೆ ಬೆಸೆದುಕೊಂಡಿದೆ. ನೀರಿನ ಶಾಸ್ತ್ರವನ್ನು ಯಾವ ಶಾಲೆಯಲ್ಲಿಯೂ ಕ್ರಮವಾಗಿ ಕಲಿಯದ ಆ ಮನುಷ್ಯನ ಹೆಸರಿಲ್ಲದೆ ಇಂದಿಗೂ ಯಾವ ಕಾಲುವೆಯ ಲೆಕ್ಕವೂ ಮುಂದೆ ಸಾಗುವುದಿಲ್ಲ. ಆಮೇಲೆ ಒಳಹೊಗುವಾಗ ನೀರು ಕಳೆದುಕೊಳ್ಳುವ ಬಲಕ್ಕೆ ಒಂದು ಅಂಕಿ, ಹೊರಬೀಳುವಾಗಿನದಕ್ಕೆ ಒಂದು ಅಂಕಿ.

ಮೋರಿಯ ಲೆಕ್ಕದಲ್ಲಿ ಎರಡು ಬಗೆಯ ಅಂಕೆಗಳುಂಟೆಂದು ಹುಡುಗ ವಿವರಿಸಿದ. ಲಾಳಿಕೆಯಿಂದ ಬಾಟಲಿಗೆ ಎಣ್ಣೆ ಹಾಕುವ ಗೃಹಿಣಿಯರಿಗೆ ಇದನ್ನು ಹೇಳಿಕೊಡಬೇಕಾದ್ದೇ ಇಲ್ಲ. ಒಮ್ಮೊಮ್ಮೆ ಲಾಳಿಕೆಯ ಬಾಯಿ ಸಾಲದೆ ಎಣ್ಣೆ ಮೇಲೆ ನಿಲ್ಲುತ್ತದೆ; ಒಮ್ಮೊಮ್ಮೆ ಕೆಳಗಿನ ಬಾಟಲಿಯೇ ತುಂಬಿ ಎಣ್ಣೆ ಹಿಂದಕ್ಕೆ ಏರುತ್ತದೆ. ಯಂತ್ರವು ಇವೆರಡನ್ನೂ ಬೇರೆಬೇರೆಯಾಗಿ ಎಣಿಸಿ, ಯಾವುದರಲ್ಲಿ ಮೇಲಿನ ನೀರು ಹೆಚ್ಚು ಎತ್ತರಕ್ಕೆ ನಿಲ್ಲುವುದೋ ಅದನ್ನೇ ನಿಜವೆಂದು ಹಿಡಿಯುತ್ತದೆ. ನಮ್ಮ ಹಳ್ಳದಲ್ಲಿ ಆ ರಾತ್ರಿ ಕೆಳಗಡೆಯೇ ತುಂಬಿತ್ತು. ಕೆಳಗಿನ ತೋಟದ ಬಾವಿಯ ಕಟ್ಟೆಯ ಮೇಲಿನ ಕೆಸರಿನ ಗುರುತನ್ನು ತೋಟದವರು ತೋರಿಸಿದರು. ಅದು ಸರಿಯಾಗಿ ಮೋರಿಯ ಮಾಳಿಗೆಯ ಮಟ್ಟ, ಎಂದರೆ ತಳದಿಂದ 2 ಮೀಟರ್.

ಹಳ್ಳಕ್ಕೆ ಬಂದ ನೀರೆಷ್ಟು ಎಂಬುದರಲ್ಲಿ ನಾವು ಕಚೇರಿಯೊಡನೆ ಜಗಳ ತೆಗೆಯಲಿಲ್ಲ. 1.2 ಚದರ ಕಿಲೋಮೀಟರ್ ನೆಲ, ಗಂಟೆಗೆ 60 ಮಿಲಿಮೀಟರ್ ಮಳೆ, ಬಿದ್ದ ನೀರಿನಲ್ಲಿ ಹತ್ತರಲ್ಲಿ ಆರು ಪಾಲು ಹರಿದು ಬಂದೀತೆಂದು ಹಿಡಿದು, ಸೆಕೆಂಡಿಗೆ 12 ಘನಮೀಟರ್ ಎಂದು ಅವರು ಎಣಿಸಿದ್ದರು. ಅದೇ 12ನ್ನು ನಾವೂ ಒಪ್ಪಿಕೊಂಡೆವು. ಬರಿಯ ಮೋರಿಯನ್ನು ಕೊಟ್ಟು ಲೆಕ್ಕ ನಡೆಸಿದಾಗ ನಮಗೂ ಬಂದದ್ದು ಅದೇ 2.32 ಮೀಟರ್. ಕಚೇರಿಯವರ ಗುಣಾಕಾರದಲ್ಲಿ ಲೋಪವಿರಲಿಲ್ಲ.

ಇನ್ನು ಕೊಳವೆಯನ್ನು ಒಳಗಿಡುವ ಸರದಿ. ಇಲ್ಲಿ ತೊಡಕು ಬಂತು. ಮೋರಿಯ ವಿವರ ತುಂಬುವ ಪುಟದಲ್ಲಿ ನಡುವೆ ಅಡ್ಡ ಹಾಯ್ದ ಕೊಳವೆಗೆಂದು ಯಾವ ಮನೆಯೂ ಇಲ್ಲ. ಮುಚ್ಚಿಹೋದ ಆಳ ಎಷ್ಟು ಎಂದು ಕೇಳುವ ಮನೆಯೊಂದಿದೆ. ಅದು ಹೂಳಿಗಾಗಿ ಇಟ್ಟದ್ದು, ತಳದಿಂದ ಮೇಲಕ್ಕೆ ಮಾತ್ರ ಮುಚ್ಚುತ್ತದೆ. ಅದರಲ್ಲಿ 60 ಸೆಂಟಿಮೀಟರ್ ಎಂದು ತುಂಬಿದರೆ ಉಳಿಯುವ ಕ್ಷೇತ್ರವೇನೋ ಸರಿಹೋಗುತ್ತದೆ. 6 ಚದರ ಮೀಟರಿನಲ್ಲಿ 1.8 ಕಳೆದು 4.2. ಆದರೆ ಕಥೆ ತಪ್ಪುತ್ತದೆ. ಏಕೆಂದರೆ ಹಳ್ಳದ ನೀರು ಒಂದು ಮೀಟರಿಗಿಂತ ಕೆಳಗಿರುವವರೆಗೆ ಈ ಕೊಳವೆ ಇದ್ದೂ ಇಲ್ಲದಂತೆಯೇ ಇರುತ್ತದೆ. ಸಾಧಾರಣ ಮಳೆಗಾಲಗಳಲ್ಲಿ ಅದರ ತಂಟೆ ಯಾರಿಗೂ ತಟ್ಟದೆ ಹೋದದ್ದು ಆದ್ದರಿಂದಲೇ. ತುಂಬಿ ಬಂದ ದಿನ ಮಾತ್ರ ಅದು ಎದ್ದು ನಿಲ್ಲುತ್ತದೆ.

ನಮ್ಮ ಹುಡುಗ ಹಿಡಿದ ದಾರಿ ನಮಗೆ ಬಹಳ ಮೆಚ್ಚುಗೆಯಾಯಿತು. ಒಂದೇ ರಸ್ತೆಯಡಿಯಲ್ಲಿ ಬೇರೆಬೇರೆ ಗಾತ್ರದ, ಬೇರೆಬೇರೆ ಮಟ್ಟದ ಮೋರಿಗಳನ್ನು ಕೂಡಿಸಿ ಕೊಡಲು ಈ ಸಾಧನದಲ್ಲಿ ಅವಕಾಶವಿದೆ. ಆದ್ದರಿಂದ ಅವನು ಕೊಳವೆಯನ್ನು ಕೊಡದೆ ಅದರ ಸುತ್ತಣ ಬಯಲನ್ನು ಕೊಟ್ಟ: ಕೆಳಗೊಂದು 3 ಮೀಟರ್ ಅಗಲ 1 ಮೀಟರ್ ಎತ್ತರದ ಕಿಟಕಿ; ಮೇಲೊಂದು, 1.6 ಮೀಟರಿನ ಮಟ್ಟದಿಂದ ಆರಂಭವಾಗುವ, 3 ಮೀಟರ್ ಅಗಲ 40 ಸೆಂಟಿಮೀಟರ್ ಎತ್ತರದ ಕಿಟಕಿ. ಇದರಲ್ಲಿಯೂ ಅನ್ಯಾಯವಿದೆಯೆಂದು ಅವನೇ ಹೇಳಿದ. ಕೊಳವೆ ಇರುವುದು ಒಂದೇ ಜಾಗದಲ್ಲಿ. ಲೆಕ್ಕದಲ್ಲಿ ಮಾತ್ರ ಒಂಬತ್ತು ಮೀಟರ್ ಉದ್ದಕ್ಕೂ ನಡುವೆ ಹಲಗೆ ಬಡಿದಂತಾಗಿದೆ. ಆದ್ದರಿಂದ ನಿಜಕ್ಕಿಂತ ಸ್ವಲ್ಪ ಹೆಚ್ಚು ಅಡ್ಡಿ ತೋರೀತು. ಬಂದ ಉತ್ತರ ಸುಮಾರು 2.7 ಮೀಟರ್. ಬರಿ ಮೋರಿಯಲ್ಲಿ ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದ ನೀರು ಈಗ 2.86 ಮೀಟರ್ ಓಡಬೇಕು. ಓಟದ ವರ್ಗಕ್ಕೆ ತಕ್ಕಂತೆ ಬಲದ ನಷ್ಟ ಬೆಳೆಯುವುದರಿಂದ ನಷ್ಟ ಇಮ್ಮಡಿಯಾಯಿತು. ಆದರೂ ಹೆಚ್ಚು ಅಡ್ಡಿ ತೋರಿಸುವ ಈ ಲೆಕ್ಕದಲ್ಲಿಯೂ ಆಯಿಯ ಹೊಸ್ತಿಲಿಗೆ ಇನ್ನೂ 10 ಸೆಂಟಿಮೀಟರ್ ಬಾಕಿ!

ನಮ್ಮ ಮುಖ ಸಣ್ಣದಾಯಿತು. ಗೆರೆಯೋ ಗೋಡೆಯ ಮೇಲೆ ಎದ್ದು ಕಾಣುತ್ತಿದೆ, ಲೆಕ್ಕವೋ ಹೊಸ್ತಿಲನ್ನು ದಾಟಲೊಲ್ಲದು. ಆಗ ಹುಡುಗ ಆಯಿಯ ಬಳಿ ಹೋಗಿ ಕುಳಿತು, ಆ ರಾತ್ರಿ ಕಂಡದ್ದನ್ನು ಮೊದಲಿನಿಂದ ಹೇಳೆಂದು ಕೇಳಿದ. ಅಲ್ಲಿಯವರೆಗೆ ಆಕೆಯನ್ನು ಹಾಗೆ ಕೇಳಿದವರೇ ಇರಲಿಲ್ಲ. ನಾವೂ ಕೇಳಿರಲಿಲ್ಲವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಆಕೆ ಹೇಳಿದಳು: “ನೀರು ಹರಕೋತ ಬರಲಿಲ್ಲಪ್ಪಾ, ನಿಂತಕೋತ ಬಂತು. ಮೊದಲ ಮೋರಿಯೊಳಗ ಕಂಟಿ ಸಿಕ್ಕವು. ಸಪ್ಪಳ ನಿಂತುಬಿಟ್ತು. ಆಮ್ಯಾಲ ನೀರು ಹಿಂದ ಸರದು ಮ್ಯಾಲ ಏರ್ತು.”

ಸಪ್ಪಳ ನಿಂತಿತು ಎಂಬ ಒಂದು ಮಾತಿಗೆ ಹುಡುಗ ತಟ್ಟನೆ ಎದ್ದ. ಮೇಲಿನ ಕಿಟಕಿ ಮುಚ್ಚಿಹೋಗಿದೆ! ತೇಲಿ ಬರುವ ಕಸವೆಲ್ಲ ನೀರಿನ ಮೇಲ್ಮೈಯಲ್ಲಿ ಬರುವುದು ತಾನೆ? ಬರಿ ಮೋರಿಯಾಗಿದ್ದರೆ ಅದು ದಾಟಿಹೋಗುತ್ತಿತ್ತು. ಕೊಳವೆಗೂ ಮಾಳಿಗೆಗೂ ನಡುವಣ 40 ಸೆಂಟಿಮೀಟರ್ ಸಂದಿಯಲ್ಲಿ ಒಂದು ಕಂಟಿ ಸಿಕ್ಕರೆ ಸಾಕು, ಅದರ ಮುಳ್ಳಿಗೆ ಚೀಲ, ಚೀಲಕ್ಕೆ ಕಣಿಕೆ. ಅವನು ಮೇಲಿನ ಕಿಟಕಿಯನ್ನು ತೆಗೆದುಹಾಕಿ, ಕೆಳಗಿನ ಒಂದು ಮೀಟರ್ ಕಿಟಕಿಯೊಂದನ್ನೇ ಉಳಿಸಿ ಲೆಕ್ಕ ನಡೆಸಿದ. ಉಳಿದ ಕ್ಷೇತ್ರ 3 ಚದರ ಮೀಟರ್. ಓಟ ಸೆಕೆಂಡಿಗೆ 4 ಮೀಟರಿನ ಹತ್ತಿರ. ನಷ್ಟ ಬರಿ ಮೋರಿಯ ನಾಲ್ಕು ಪಟ್ಟು. ನೀರು 2.90 ಮೀಟರಿನಲ್ಲಿರುವ ರಸ್ತೆಯನ್ನೇ ದಾಟಿತು. ಒಂದಿಷ್ಟು ರಸ್ತೆಯ ಮೇಲೆ ಹರಿದು, ಉಳಿದದ್ದು ಮೋರಿಯಲ್ಲಿ ನುಗ್ಗಿ, ಮೇಲ್ಗಡೆಯ ಮಟ್ಟ ಬಂದು ನಿಂತದ್ದು 3.05 ಮೀಟರಿಗೆ. ಸೊಸೆ ಎಳೆದ ಗೆರೆಯನ್ನು ಅಳೆದೆವು: ನೆಲದಿಂದ 24 ಸೆಂಟಿಮೀಟರ್. ಎಂದರೆ 3.04.

ನಾವು ಹುಡುಗನ ಬೆನ್ನು ತಟ್ಟಹೋದಾಗ ಅವನು ತಡೆದ. ಇಷ್ಟು ಹತ್ತಿರ ಬಂದದ್ದು ಅದೃಷ್ಟ, ಆ 12 ಎಂಬುದೇ ಅಂದಾಜಿನ ಅಂಕಿ ಎಂದ. ಕೆಳಗಡೆಯ ಮಟ್ಟವನ್ನು ಹಾಗೆಯೇ ಇಟ್ಟು 10ರಿಂದ 14ರವರೆಗೆ ಬದಲಿಸಿ ಬದಲಿಸಿ ನೋಡಿದ. 14 ಘನಮೀಟರ್ ಬಂದರೂ ಕೊಳವೆಯಿಲ್ಲದ ಮೋರಿಯಲ್ಲಿ ನೀರು 2.45 ಮೀಟರಿಗೂ ಏರುವುದಿಲ್ಲ. 10 ಘನಮೀಟರ್ ಬಂದರೂ ಕಸ ಸಿಕ್ಕ ಮೋರಿಯಲ್ಲಿ ಅದು ಆಯಿಯ ಹೊಸ್ತಿಲನ್ನು ದಾಟುತ್ತದೆ. ಅರ್ಜಿಯ ಜೊತೆಗೆ ಕೊಡಬೇಕಾದ್ದು ಈ ಮಾತು, 3.05 ಅಲ್ಲ ಎಂಬುದು ಅವನ ಹಟ. ಹಾಗೆಯೇ ಬರೆದುಕೊಟ್ಟೆವು, ಕೊಳವೆಯ ಛಾಯಾಚಿತ್ರವನ್ನೂ ಲಗತ್ತಿಸಿದೆವು.

ನಿವಾರಣೆ ಸುಲಭವಲ್ಲ. ಕೊಳವೆಯನ್ನು ಮೇಲೆತ್ತಿದರೆ ಇಳಿಜಾರು ಕೆಟ್ಟು ಹಿಂದಿನ ಮನೆಗಳ ಸಂಡಾಸುಗಳು ಉಕ್ಕುತ್ತವೆ. ಮೋರಿಗೆ ಇನ್ನೊಂದು ಕಣ್ಣು ಕೂಡಿಸಿದರೆ ರಸ್ತೆಯುದ್ದಕ್ಕೂ ಹೋಗುವ ಕೊಳವೆ ಅದರಲ್ಲಿಯೂ ಹಾಯುತ್ತದೆ. ಮೋರಿಯ ಬಾಯಿಗೆ ಕಂಬಿಯ ಜಾಲರಿ ಹಾಕಬೇಕೆಂದು ಓಣಿಯವರೊಬ್ಬರು ಸೂಚಿಸಿದರು. ಒಳಗೆ ಸಿಕ್ಕುತ್ತಿದ್ದ ಕಸ ಹೊರಗೇ ಸಿಕ್ಕುವುದಷ್ಟೆ ಅದರ ಲಾಭ. ಉಳಿದದ್ದು ಕೊಳವೆಯನ್ನು ಮೋರಿಯ ತಳದ ಕೆಳಗೆ ಇಳಿಸಿ, ಆಚೆ ದಡದಲ್ಲಿ ಮತ್ತೆ ಏರಿಸುವುದು. ತಗ್ಗಿನಲ್ಲಿ ಕೆಸರು ನಿಲ್ಲದಂತೆ ಅದರೊಳಗಿನ ಓಟ ಮಾಮೂಲಿಗಿಂತ ಹೆಚ್ಚಿರಬೇಕು. ಒಂದು ಕಟ್ಟಿದರೆ ಇನ್ನೊಂದಿರಲೆಂದು ಜೋಡಿ ಕೊಳವೆ ಬೇಕು. ಎರಡೂ ದಡಗಳಲ್ಲಿ ತೊಟ್ಟಿಗಳು ಬೇಕು. ಆಗಾಗ ಯಂತ್ರದಿಂದ ಶುದ್ಧಿ ಮಾಡಿಸಬೇಕು. ಯಂತ್ರದಿಂದಲೇ ಎಂದು ಒತ್ತಿ ಹೇಳುತ್ತೇವೆ. ರಕ್ಷಣೆಯ ಸಾಧನಗಳಿಲ್ಲದೆ ಅಂತಹ ತೊಟ್ಟಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ನಮ್ಮ ಮನೆ ಒಣಗಿರಲೆಂದು ಇನ್ನೊಬ್ಬರ ಮಗನನ್ನು ಆ ಹೊಲಸಿಗೆ ಇಳಿಸುವ ಉಪಾಯ ನಮಗೆ ಬೇಡ.

ಜತ್ತದ ಸಹೋದರಿಗೆ ನಮ್ಮ ಸಲಹೆಯೆಂದರೆ, ಮಳೆಗಾಲಕ್ಕೆ ಮುಂಚೆ ನಿಮ್ಮ ಮೋರಿಯನ್ನು ಹೊರಗಿನಿಂದಲೇ ಬ್ಯಾಟರಿ ಹಾಕಿ ನೋಡಿಸಿರಿ. ಅಡ್ಡ ಕೊಳವೆ ಇದ್ದರೆ ಅದರ ದಪ್ಪ, ಕೆಳಗಿನ ಮೇಲಿನ ಸಂದಿ, ಈ ಮೂರನ್ನು ಬರೆದಿಟ್ಟುಕೊಳ್ಳಿರಿ. ಕೊಳವೆಯ ಬೆಸುಗೆಗಳಲ್ಲಿ ಜಿನುಗು ಕಂಡರೆ ತಡಮಾಡದೆ ತಿಳಿಸಿರಿ. ಕಸದ ಒತ್ತಡಕ್ಕೆ ಅದು ಒಡೆದ ದಿನ ಹಳ್ಳದ ಪಕ್ಕದ ಬಾವಿಗಳಿಗೂ ಹೊಲಸು ಇಳಿಯುತ್ತದೆ. ನೀರು ಬಂದು ಹೋದ ಮೇಲೆ, ತೊಳೆಯುವ ಮೊದಲು, ಗೋಡೆಯ ಮೇಲೆ ಗೆರೆಯೆಳೆದು ತಾರೀಖು ಹಾಕಿರಿ.

ಕಚೇರಿಯಿಂದ ಎರಡನೆಯ ಉತ್ತರ ಬಂದಿದೆ. ಬಚ್ಚಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಕೊಳವೆಯನ್ನು ಸ್ಥಳಾಂತರಿಸುವ ವಿಷಯ ವಿಚಾರಾಧೀನವಾಗಿದೆಯೆಂದು ಬರೆದಿದ್ದಾರೆ. ಕೊಳವೆ ಇದ್ದಲ್ಲಿಯೇ ಇದೆ. ಮೃಗಶಿರೆಯ ಮಳೆಗೆ ಮುಂಚೆ ಓಣಿಯ ಹುಡುಗರು ಉದ್ದನೆಯ ಕೊಕ್ಕೆಗಳಿಂದ ಕಂಟಿ ಎಳೆದು ಹಾಕುತ್ತಾರೆ, ಮೋಡ ಕಟ್ಟಿದ ರಾತ್ರಿ ಸರದಿಯ ಮೇಲೆ ಕಾಯುತ್ತಾರೆ. ಕಳೆದ ದೀಪಾವಳಿಗೆ ಆಯಿಯ ಮನೆಗೆ ಸುಣ್ಣ ಹೊಡೆಸುವಾಗ ಆ ಗೆರೆಯಿದ್ದ ಮೊಳದಗಲದ ಜಾಗವನ್ನು ಸೊಸೆ ಹಾಗೆಯೇ ಬಿಡಿಸಿದ್ದಾಳೆ.